ಟ್ರೆಂಟ್ ನದಿಯ ರಭಸದಲ್ಲಿ ಫೀಡರ್ ನಿಲ್ಲುತ್ತಿಲ್ಲ: ಬಾರ್ಬೆಲ್, ಚಬ್ ಮೀನಿಗೆ ಗಾಳ ಹಾಕುವವರು ಸ್ವಲ್ಪ ಹೇಳಿ

ಹೊಳೆದಂಡೆ:
ಜಾಗ ಇಂಗ್ಲೆಂಡಿನ ಟ್ರೆಂಟ್ ನದಿ, ನ್ಯೂವಾರ್ಕ್ ಊರಿನ ಕೆಳಗೆ, ಕ್ರಾಮ್‌ವೆಲ್ ಒಡ್ಡಿಗಿಂತ ಮೇಲೆ. ನೀರು ಮಾಮೂಲಿಗಿಂತ ಅರ್ಧ ಮೀಟರ್ ಏರಿದೆ, ಬಣ್ಣ ತೆಳು ಚಹಾದಂತೆ. ದಡದಿಂದ ಸುಮಾರು 30 ಮೀಟರ್ ದೂರಕ್ಕೆ ಎಸೆತ.

ಸರಂಜಾಮು: 12 ಅಡಿಯ 1.75 ಪೌಂಡ್ ಟೆಸ್ಟ್ ಕರ್ವ್ (ಬಿಗಿತದ ಅಳತೆ) ರಾಡ್, 12 ಪೌಂಡ್ ಮಾನೊ (ಒಂಟಿ ಎಳೆಯ ನೈಲಾನ್) ಲೈನ್, 85 ಗ್ರಾಂ ಕೇಜ್ ಫೀಡರ್ (ಎರೆಹಿಟ್ಟು ತುಂಬುವ, ಸೀಸ ಕಟ್ಟಿದ ಪಂಜರ), 45 ಸೆಂ.ಮೀ. ಹುಕ್‌ಲೆಂತ್ (ಫೀಡರಿನಿಂದ ಗಾಳದವರೆಗಿನ ದಾರ), ಕೂದಲೆಳೆಗೆ (ಗಾಳದಿಂದ ಇಳಿಬಿಟ್ಟ ಸಣ್ಣ ಎಳೆ) 8 ಮಿ.ಮೀ. ಹ್ಯಾಲಿಬಟ್ ಪೆಲೆಟ್ (ಮೀನುಹಿಟ್ಟಿನ ಗುಳಿಗೆ). ತಳ ಮುಟ್ಟಿ ಅರ್ಧ ನಿಮಿಷವಾಗುವಷ್ಟರಲ್ಲಿ ಫೀಡರ್ ಉರುಳುತ್ತಾ ದಡದ ಕಡೆಗೆ ಬರುತ್ತದೆ. 140 ಗ್ರಾಂ ಹಾಕಿದರೆ ನಿಲ್ಲುತ್ತದೆ, ಆದರೆ ಆ ತೂಕ ಎಸೆಯಲು ಈ ರಾಡ್‌ಗೆ ಆಗುವುದಿಲ್ಲ. ತುದಿ ಟಕಟಕ ಕುಟುಕುತ್ತದೆ, ಎಳೆದರೆ ಏನೂ ಇಲ್ಲ. ರಾಡ್ ಬದಲಿಸಬೇಕೋ, ತೂಕವೋ, ವಿಧಾನವೋ?

ಬಿಲ್ಲುದಾರ:
ಮೊದಲು ವಿಧಾನ. ಫೀಡರನ್ನು ಉರುಳಿಸುವುದು ಹೆಚ್ಚಾಗಿ ಅದಕ್ಕೆ ಬಡಿಯುವ ನೀರಲ್ಲ, ಲೈನಿಗೆ ಬಡಿಯುವ ನೀರು. 30 ಮೀಟರ್ ದಾರ ಹರಿವಿಗೆ ಅಡ್ಡಲಾಗಿ ಬಿಗಿಯಾಗಿ ನಿಂತರೆ ಅದು ಪಟದ ದಾರದಂತೆ ಎಳೆಯುತ್ತದೆ. ಎಳೆತ ಮೇಲ್ಮುಖವಾಗಿದ್ದರಂತೂ ಫೀಡರ್ ತಳದಿಂದ ಎದ್ದು ಕುಪ್ಪಳಿಸುತ್ತದೆ.

ಮಾಡಬೇಕಾದ್ದು ಹೀಗೆ. ನಿಮ್ಮ ಎದುರಿಗಲ್ಲ, ಮೇಲ್ಹರಿವಿನ ಕಡೆಗೆ ಸ್ವಲ್ಪ ಓರೆಯಾಗಿ ಎಸೆಯಿರಿ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಎದುರು 12, ಹರಿವು ಎಡದಿಂದ ಬಲಕ್ಕೆ ಎಂದರೆ 11ರ ಕಡೆಗೆ. ಫೀಡರ್ ತಳ ಮುಟ್ಟುವವರೆಗೆ ರೀಲಿನ ಬೇಲ್ (ದಾರ ತಡೆಯುವ ಕಮಾನು) ತೆರೆದೇ ಇರಲಿ. ಮುಟ್ಟಿದ್ದು ಕೈಗೆ ಗೊತ್ತಾದ ಮೇಲೆ ಇನ್ನೂ 3ರಿಂದ 5 ಮೀಟರ್ ದಾರ ಬಿಡಿ. ನೀರು ಆ ಸಡಿಲವನ್ನು ಕೆಳಕ್ಕೆ ಒಯ್ದು ಬಿಲ್ಲಿನ ಆಕಾರ ಮಾಡುತ್ತದೆ. ಆಮೇಲೆ ಬೇಲ್ ಮುಚ್ಚಿ, ರಾಡ್ ತುದಿ ಮೇಲಕ್ಕೆತ್ತಿ ಸ್ಟ್ಯಾಂಡಿಗೆ ಇಡಿ. ಈಗ ಫೀಡರ್ ಮೇಲಿನ ಎಳೆತ ತಳಕ್ಕೆ ಸಮಾನಾಂತರ, ಮೇಲ್ಮುಖವಲ್ಲ. ಬಿಗಿ ದಾರದಲ್ಲಿ 140 ಗ್ರಾಂ ಕೇಳುವ ಜಾಗದಲ್ಲಿ ಬಿಲ್ಲಿದ್ದರೆ ಎಷ್ಟೋ ಸಲ 85-100 ಗ್ರಾಂ ಸಾಕು.

ಸಾಕು ಅಂದರೆ ಕಷ್ಟಪಟ್ಟು ನಿಲ್ಲುವಷ್ಟೇ. ಮೀನು ಎರೆ ಎತ್ತಿ ತಿರುಗಿದೊಡನೆ ಫೀಡರ್ ಕಿತ್ತುಕೊಳ್ಳಬೇಕು. ಆಗ ಬಾಗಿದ್ದ ತುದಿ ಒಮ್ಮೆಲೇ ನೆಟ್ಟಗಾಗುತ್ತದೆ. ರಭಸದ ನದಿಯಲ್ಲಿ ಕಚ್ಚಿದ ಗುರುತು ಮುಂದಕ್ಕೆ ಎಳೆಯುವುದಷ್ಟೇ ಅಲ್ಲ, ಹೀಗೆ ಹಿಂದಕ್ಕೆ ಸಡಿಲವಾಗುವುದೂ ಹೌದು. ಹೊಸಬರು ಇದನ್ನು ‘ಫೀಡರ್ ಜಾರಿತು’ ಅಂದುಕೊಂಡು ಸುಮ್ಮನೆ ಕೂರುತ್ತಾರೆ.

ಮೂರೌನ್ಸ್:
ಒಪ್ಪಿದೆ, ಆದರೆ ಅರ್ಧ ಮಾತ್ರ. ಅರ್ಧ ಮೀಟರ್ ಏರಿದ ಟ್ರೆಂಟಿನಲ್ಲಿ ಬಿಲ್ಲು ಬಿಟ್ಟರೆ ತೇಲಿಬರುವ ಎಲೆ, ಹುಲ್ಲು, ಪಾಚಿ ಎಲ್ಲ ಅದಕ್ಕೇ ಸುತ್ತಿಕೊಳ್ಳುತ್ತದೆ. ಅಕ್ಟೋಬರ್, ನವೆಂಬರ್ ಎಲೆ ಉದುರುವ ಕಾಲದಲ್ಲಿ ಐದೇ ನಿಮಿಷಕ್ಕೆ ದಾರ ಬಟ್ಟೆ ಒಣಹಾಕುವ ಹಗ್ಗವಾಗುತ್ತದೆ. ಆಗ ರಾಡ್ ಆದಷ್ಟು ಎತ್ತರಕ್ಕಿಟ್ಟು, ದಾರ ನೀರಿಗೆ ತಾಗುವುದನ್ನೇ ಕಡಿಮೆ ಮಾಡಿ, ಭಾರದ ಫೀಡರ್ ಹಾಕುವುದೇ ದಾರಿ. ಆ ದಿನಗಳಿಗೆ 2ರಿಂದ 2.25 ಪೌಂಡ್ ರಾಡ್ ಬೇಕು. 1.75ರ ರಾಡಿನಲ್ಲಿ ತುಂಬಿದ 140 ಗ್ರಾಂ ಫೀಡರ್ ಎಸೆದರೆ ಒಂದು ದಿನ ಮಧ್ಯದ ತುಂಡು ಮುರಿದೇ ಮುರಿಯುತ್ತದೆ. ಫೀಡರಿನ ಮೇಲೆ ಬರೆದಿರುವುದು ಸೀಸದ ತೂಕ ಮಾತ್ರ, ಒಳಗಿನ ಒದ್ದೆ ಹಿಟ್ಟಿನ 40-50 ಗ್ರಾಂ ಬೇರೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಕಾರವನ್ನೂ ನೋಡಿ. ದುಂಡನೆಯ ಕೇಜ್ ಉರುಳುತ್ತದೆ. ಚಪ್ಪಟೆ ತಳದ್ದು, ಅದರಲ್ಲೂ ಸೀಸಕ್ಕೆ ಮೊಳೆಯಂಥ ಗುಬ್ಬಿಗಳಿರುವ ಗ್ರಿಪ್ಪರ್ ಮಾದರಿ ಜಲ್ಲಿಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು, 100 ಗ್ರಾಂ ಸೀಸದ ಸಣ್ಣ ಫೀಡರ್ 100 ಗ್ರಾಂ ಸೀಸದ ದೊಡ್ಡ ಫೀಡರಿಗಿಂತ ಚೆನ್ನಾಗಿ ನಿಲ್ಲುತ್ತದೆ, ನೀರು ತಳ್ಳಲು ಮೈ ಕಡಿಮೆ. ‘ಜಾಸ್ತಿ ಎರೆ ಹೋಗಲಿ’ ಎಂದು ದೊಡ್ಡದನ್ನು ತಗೊಂಡು ಆಮೇಲೆ ತೂಕ ಸಾಲದು ಎನ್ನುವವರೇ ಹೆಚ್ಚು.

ಬಿಲ್ಲುದಾರ:
ಎಲೆಯ ಕಾಲದ ಮಾತು ಸರಿ. ದಾರದ ದಪ್ಪವನ್ನೂ ಸೇರಿಸಿಕೊಳ್ಳಿ. 0.35 ಮಿ.ಮೀ.ನಿಂದ 0.28ಕ್ಕೆ ಇಳಿದರೆ ನೀರಿಗೆ ಒಡ್ಡುವ ಅಗಲದಲ್ಲಿ ಐದನೇ ಒಂದು ಭಾಗ ಹೋಯಿತು. ಆದರೆ ಹಾಗೆಂದು 6 ಪೌಂಡ್ ದಾರಕ್ಕೆ ಇಳಿಯಬೇಡಿ. ಟ್ರೆಂಟಿನ ತಳದಲ್ಲಿ ಬಂಡೆ, ಹಳೆಯ ಕಬ್ಬಿಣ, ಚಿಪ್ಪು ಎಲ್ಲ ಇವೆ. ಮುಖ್ಯ ದಾರ 10-12 ಪೌಂಡ್ ಮಾನೊ, ಹುಕ್‌ಲೆಂತ್ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, 8-10. ತುಂಡಾದರೆ ಗಾಳದ ಕಡೆಯೇ ತುಂಡಾಗಬೇಕು. ಹೆಣೆದ ದಾರ ತೆಳ್ಳಗಿರುತ್ತದೆ ನಿಜ, ಆದರೆ ಕಲ್ಲಿಗೆ ಉಜ್ಜಿದರೆ ತಕ್ಷಣ ಹರಿಯುತ್ತದೆ, ಕೆಲವು ಕ್ಲಬ್ಬಿನ ನೀರಿನಲ್ಲಿ ಅದಕ್ಕೆ ಅನುಮತಿಯೂ ಇಲ್ಲ.

ಧಾರವಾಡ್_ರಾಡ್:
ಅಲ್ರೀ, ಒಂದು ಕೇಳ್ತೀನಿ. ಟಕಟಕ ಅನ್ನೋದು ಬಾರ್ಬೆಲ್ಲೇನ್ರೀ? ಅದು ಕಚ್ಚಿದ್ರ ರಾಡ್ ಸ್ಟ್ಯಾಂಡಿನಿಂದ ಹಾರಿ ಹೋಗ್ಬೇಕಲ್ಲ. ಕುಟುಕೂದು ಚಬ್ಬ.

ಮೀಸೆಮೀನು:
ಹೌದು, 45 ಸೆಂ.ಮೀ. ಹುಕ್‌ಲೆಂತ್ ಎಂದ ತಕ್ಷಣ ಅದೇ ಅನುಮಾನ. ಎರಡು ಮೀನೂ ತಿನ್ನುವ ಕ್ರಮವೇ ಬೇರೆ. ಬಾರ್ಬೆಲ್‌ಗೆ ಬಾಯಿ ಮೂತಿಯ ಅಡಿಗಿದೆ, ನಾಲ್ಕು ಮೀಸೆಗಳಿಂದ ತಳ ತಡಕುತ್ತಾ ಮುಂದೆ ಹೋಗುತ್ತದೆ. ಎರೆ ಬಾಯಿಗೆ ಹೋದರೆ ಅದು ತಿರುಗಿ ಹರಿವಿನ ಜೊತೆ ಓಡುತ್ತದೆ, ಹಾಗಾಗಿಯೇ ರಾಡ್ ಬಾಗಿ ಹೋಗುವುದು. ಚಬ್ ಹಾಗಲ್ಲ. ದೊಡ್ಡ ಬಾಯಿ, ಅನುಮಾನದ ಬುದ್ಧಿ. ತುಟಿಯಲ್ಲಿ ಹಿಡಿದು ಎಳೆದು ನೋಡುತ್ತದೆ, ಭಾರ ಸಿಕ್ಕರೆ ಉಗುಳುತ್ತದೆ. ನಿಮಗೆ ತುದಿಯಲ್ಲಿ ಕಾಣುವುದು ಆ ಎಳೆದಾಟ.

ಬಾರ್ಬೆಲ್ ಬೇಕಾದರೆ ಹುಕ್‌ಲೆಂತ್ ಉದ್ದ ಮಾಡಿ. ಪೆಲೆಟ್, ಬಾಯ್ಲಿಗೆ (ಬೇಯಿಸಿದ ಗಟ್ಟಿ ಎರೆಯುಂಡೆ) 90 ಸೆಂ.ಮೀ.ನಿಂದ 1.2 ಮೀಟರ್. ದಿನವೂ ಗಾಳ ಕಾಣುವ ಜಾಗಗಳಲ್ಲಿ 1.5 ಮೀಟರ್‌ವರೆಗೂ ಹೋಗುತ್ತಾರೆ. ಕಾರಣ ಸರಳ. ರಭಸದ ನೀರಿನಲ್ಲಿ ಫೀಡರಿನಿಂದ ಹೊರಬಂದ ಹಿಟ್ಟು, ಸೆಣಬಿನ (ಹೆಂಪ್) ಬೀಜ ಅಲ್ಲೇ ಬೀಳುವುದಿಲ್ಲ, ಕೆಳಕ್ಕೆ ಒಂದು ಗೆರೆಯಾಗಿ ಹರಡುತ್ತದೆ. ಮೀನು ಆ ಗೆರೆಯ ತುದಿಯಲ್ಲಿ ತಲೆ ಮೇಲ್ಹರಿವಿಗಿಟ್ಟು ನಿಂತಿರುತ್ತದೆ. 45 ಸೆಂ.ಮೀ. ಇದ್ದರೆ ನಿಮ್ಮ ಎರೆ ಫೀಡರಿನ ಬಾಲಕ್ಕೆ ಅಂಟಿಕೊಂಡಿರುತ್ತದೆ, ಮುಖ್ಯ ದಾರವೂ ಮೀನಿನ ಮೈಗೆ ತಾಗುತ್ತದೆ.

ಚಬ್ ಬೇಕಾದರೆ ತದ್ವಿರುದ್ಧ. ಬಾಯ್ಲಿ ಕಟ್ಟಿ 10-15 ಸೆಂ.ಮೀ.ಗೆ ಇಳಿಸಿ. ಎರೆ ಎತ್ತಿದ ಕೂಡಲೇ ಫೀಡರಿನ ತೂಕ ಗಾಳವನ್ನು ತುಟಿಗೆ ಚುಚ್ಚಿಸುತ್ತದೆ, ಅದಕ್ಕೆ ಉಗುಳಲು ಪುರುಸೊತ್ತಿಲ್ಲ. 45 ಸೆಂ.ಮೀ. ಎಂಬುದು ಇಲ್ಲಿಗೂ ಸಲ್ಲ, ಅಲ್ಲಿಗೂ ಸಲ್ಲ.

ಹೊಳೆದಂಡೆ:
ಇದು ತಲೆಗೆ ಹೊಳೆದಿರಲಿಲ್ಲ. ಹಾಗಾದರೆ ಗಾಳದ ಅಳತೆ, ಕೂದಲೆಳೆಯ ಉದ್ದ?

ಮೀಸೆಮೀನು:
8 ಮಿ.ಮೀ. ಪೆಲೆಟ್ ಒಂದಕ್ಕೆ 12ನೇ ನಂಬರ್, ಎರಡು ಕಟ್ಟಿದರೆ 10, 15 ಮಿ.ಮೀ. ಬಾಯ್ಲಿಗೆ 8. ತಂತಿ ದಪ್ಪಗಿರುವ, ಅಗಲ ಬಾಗಿನ ಗಾಳ. ‘ಗಂಟಿಲ್ಲದ ಗಂಟು’ (ನಾಟ್‌ಲೆಸ್ ನಾಟ್) ಹಾಕಿ, ಗಾಳದ ಕಾಂಡಕ್ಕೆ ಏಳೆಂಟು ಸುತ್ತು. ಗಾಳದ ಬಾಗಿಗೂ ಪೆಲೆಟ್‌ಗೂ ನಡುವೆ 5 ಮಿ.ಮೀ. ಅಂತರ ಇರಲಿ. ಅಂಟಿಕೊಂಡಿದ್ದರೆ ಚುಚ್ಚುವ ಮೊನೆಗೆ ಪೆಲೆಟ್ಟೇ ಅಡ್ಡ.

ಒಂದು ತಪ್ಪು ತುಂಬ ಸಾಮಾನ್ಯ: ಪೆಲೆಟ್ ಬಿದ್ದುಹೋದ ಖಾಲಿ ಗಾಳದ ಜೊತೆ ಅರ್ಧ ಗಂಟೆ ಕೂರುವುದು. ಸಾದಾ ಹ್ಯಾಲಿಬಟ್ ಪೆಲೆಟ್ ಬೇಸಿಗೆಯ ನೀರಿನಲ್ಲಿ ಬೇಗ ಮೆತ್ತಗಾಗುತ್ತದೆ. ಟ್ರೆಂಟಿನಲ್ಲಿ ಸಿಗ್ನಲ್ ಕ್ರೇಫಿಶ್ ಎಂಬ, ಸೀಗಡಿಯಂಥ ಕೊಂಡಿಯ ಜೀವಿಗಳ ಕಾಟ ಬೇರೆ, ಕತ್ತರಿಸಿ ತಿಂದುಬಿಡುತ್ತವೆ. ಅಲ್ಲಿ ಗಟ್ಟಿ ಬಾಯ್ಲಿ, ಇಲ್ಲವೇ ಕುಗ್ಗುವ ಪ್ಲಾಸ್ಟಿಕ್ ಕೊಳವೆ ತೊಡಿಸಿದ ಪೆಲೆಟ್.

ಕಡುಬಿನಹಿಟ್ಟು:
ಎರೆಹಿಟ್ಟಿನ ಬಗ್ಗೆ ಯಾರೂ ಮಾತಾಡಿಲ್ಲ, ನನ್ನ ಪ್ರಕಾರ ಅರ್ಧ ಆಟ ಅಲ್ಲೇ ಇದೆ. ಒಂದು ಕಿಲೋಗೆ: ಮೀನುಹಿಟ್ಟು ಬೆರೆತ ಕಂದು ಬ್ರೆಡ್ ಪುಡಿ 600 ಗ್ರಾಂ, ಕುಟ್ಟಿದ ಹ್ಯಾಲಿಬಟ್ ಪೆಲೆಟ್ 250, ಬೇಯಿಸಿದ ಸೆಣಬಿನ ಬೀಜ 150. ನೀರನ್ನು ಮೂರು ಕಂತಿನಲ್ಲಿ ಚಿಮುಕಿಸಿ, ನಡುನಡುವೆ ಹತ್ತು ಹತ್ತು ನಿಮಿಷ ಬಿಡಿ. ಪೆಲೆಟ್ ಪುಡಿ ನೀರು ಕುಡಿಯುತ್ತಲೇ ಇರುತ್ತದೆ, ಒಂದೇ ಸಲ ಸುರಿದರೆ ಹದ ತಿಳಿಯುವುದಿಲ್ಲ. ಹದ ಎಂದರೆ ಪುಟ್ಟಿನ ಹಿಟ್ಟಿನದು: ಒತ್ತಿದರೆ ಉಂಡೆ, ಹೆಬ್ಬೆರಳು ತಾಗಿಸಿದರೆ ಪುಡಿ. ಕೊನೆಗೆ ಜರಡಿ ಹಿಡಿಯಿರಿ.

ರಭಸದ ನೀರಿಗೆ ಇದಕ್ಕಿಂತ ತುಸು ಬಿಗಿ ಬೇಕು. ಪರೀಕ್ಷೆ ಸುಲಭ, ತುಂಬಿದ ಫೀಡರನ್ನು ದಡದ ಪಕ್ಕದಲ್ಲೇ ನೀರಿಗಿಳಿಸಿ ನೋಡಿ. ಮೂರರಿಂದ ಐದು ನಿಮಿಷಕ್ಕೆ ಖಾಲಿಯಾಗಬೇಕು. ಮುಳುಗುವಾಗಲೇ ಉದುರಿದರೆ ಒಣಗಿದೆ, ನಿಮ್ಮ ಎರೆಯೆಲ್ಲ ನಿಮ್ಮಿಂದ 20 ಮೀಟರ್ ಕೆಳಗಿರುವ ಗಾಳದವನಿಗೆ ದಾನ. ಹತ್ತು ನಿಮಿಷದ ಮೇಲೆ ಎಳೆದಾಗಲೂ ತುಂಬಿಯೇ ಇದ್ದರೆ ಹೆಚ್ಚು ಒದ್ದೆ.

ಸೆಣಬಿನ ಬೀಜ 24 ಗಂಟೆ ನೆನೆಯಲಿ, ಆಮೇಲೆ ಸಣ್ಣ ಉರಿಯಲ್ಲಿ 20-30 ನಿಮಿಷ, ಸಿಪ್ಪೆ ಸೀಳಿ ಬಿಳಿ ಮೊಳಕೆ ಇಣುಕುವವರೆಗೆ. ಬೆಂದ ನೀರನ್ನು ಚೆಲ್ಲಬೇಡಿ, ಹಿಟ್ಟು ಕಲಸಲು ಅದೇ ಒಳ್ಳೆಯದು. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೀಜ ಕಪ್ಪಗಾಗುತ್ತದೆ.

ಇನ್ನು ಲಯ. ಮೊದಲ ಅರ್ಧ ಗಂಟೆ ಮೂರು ಮೂರು ನಿಮಿಷಕ್ಕೊಮ್ಮೆ, ಗಾಳವೇ ಇಲ್ಲದೆ ಹತ್ತು ಫೀಡರ್ ಒಂದೇ ಜಾಗಕ್ಕೆ. ಆಮೇಲೆ ಹತ್ತು ಹದಿನೈದು ನಿಮಿಷಕ್ಕೊಂದು. ಬಾರ್ಬೆಲ್ ಬಂದು ನಿಂತ ಮೇಲೆ ಫೀಡರ್ ಅವುಗಳ ತಲೆಯ ಮೇಲೆ ಬೀಳುತ್ತಿದ್ದರೆ ಓಡುವುದು ಬಾರ್ಬೆಲ್, ಉಳಿಯುವುದು ಚಬ್.

ಧಾರವಾಡ್_ರಾಡ್:
ರಾಗಿ ಹಿಟ್ಟು ನಡೀತದೇನ್ರೀ? ಕಾವೇರಿ ಕಡೆ ಮಹಶೀರ್‌ಗೆ ರಾಗಿ ಮುದ್ದೀನೇ ಎರಿ. ಬಾರ್ಬೆಲ್ಲೂ ಅದೇ ಬಳಗದ್ದಲ್ಲ?

ಕಡುಬಿನಹಿಟ್ಟು:
ಬಳಗ ಅದೇ, ಎರಡೂ ಕಾರ್ಪ್ ಕುಟುಂಬದವು. ಮುದ್ದೆಯ ಗುಣ ಗಟ್ಟಿತನ, ರಭಸದಲ್ಲೂ ಗಾಳದ ಮೇಲೆ ಕರಗದೆ ಕೂರುತ್ತದೆ. ಹಾಗಾಗಿ ಅಂಟಿಗೆ ರಾಗಿ ಒಳ್ಳೆಯದು. ಆದರೆ ಟ್ರೆಂಟಿನ ಬಾರ್ಬೆಲ್ ಮೀನುಹಿಟ್ಟಿನ ಪೆಲೆಟ್ ತಿಂದೇ ಬೆಳೆದ ಮೀನು, ಬರೀ ರಾಗಿಯಲ್ಲಿ ಅದಕ್ಕೆ ಪರಿಚಯದ ವಾಸನೆ ಇಲ್ಲ. ಪೆಲೆಟ್ ಪುಡಿ ಎರಡು ಭಾಗಕ್ಕೆ ಬೆಂದ ರಾಗಿ ಹಿಟ್ಟು ಒಂದು ಭಾಗ ನಾದಿ, ಕೂದಲೆಳೆಯ ಪೆಲೆಟ್ ಸುತ್ತ ನೆಲ್ಲಿಕಾಯಿ ಗಾತ್ರಕ್ಕೆ ಮೆತ್ತಿ. ಮೇಲಿನ ಪದರ ಕರಗಿ ವಾಸನೆ ಬಿಡುತ್ತದೆ, ಒಳಗಿನ ಪೆಲೆಟ್ ಉಳಿಯುತ್ತದೆ.

ಮೂರೌನ್ಸ್:
ರಾಗಿ ಇರಲಿ, ಚಳಿಗಾಲಕ್ಕೆ ಬನ್ನಿ. ನೀರು 10 ಡಿಗ್ರಿಗಿಂತ ಮೇಲಿದ್ದರೆ ಬಾರ್ಬೆಲ್ ಹೊಟ್ಟೆಬಾಕ. 6-7ಕ್ಕಿಳಿದರೆ ಮಂಕು. ಆಗ ಇಷ್ಟೆಲ್ಲ ಹಿಟ್ಟು ಸುರಿದರೆ ಕೆಟ್ಟಿತು. ಚಬ್ 3-4 ಡಿಗ್ರಿಯಲ್ಲೂ ತಿನ್ನುತ್ತದೆ. ಜನವರಿಯಲ್ಲಿ 30 ಗ್ರಾಂ ಸಣ್ಣ ಕೇಜಿಗೆ ಮಿಕ್ಸಿಯಲ್ಲಿ ಪುಡಿ ಮಾಡಿದ ಬಿಳಿ ಬ್ರೆಡ್, ಗಾಳ 8ಕ್ಕೆ ಒತ್ತಿದ ಬ್ರೆಡ್ ಚೂರು, ದಡದ ವಿಲ್ಲೋ ಮರದ ಕೊಂಬೆ ನೀರಿಗೆ ಬಾಗಿರುವಲ್ಲಿ. ಅಥವಾ ಮುಚ್ಚಿದ ಬ್ಲಾಕ್‌ಎಂಡ್ ಫೀಡರಿನಲ್ಲಿ ಮ್ಯಾಗಟ್ ಹುಳು. ತಣ್ಣೀರಿನಲ್ಲಿ ಹುಳು ಜಡವಾಗಿ ಹೊರಬರುವುದಿಲ್ಲ, ರಂಧ್ರಗಳನ್ನು ಕತ್ತರಿಯಿಂದ ದೊಡ್ಡದು ಮಾಡಿ. ಬೇಸಿಗೆಯಲ್ಲಿ ಅದೇ ರಂಧ್ರಗಳಲ್ಲಿ ಅರ್ಧಕ್ಕೆ ಟೇಪ್.

ಎಳೆದು ನೋಡಿದಾಗ ಹುಳು ಹೀರಿದ ಖಾಲಿ ಚರ್ಮವಾಗಿದ್ದರೆ ಮೀನು ಮುಟ್ಟಿದೆ, ನಿಮಗೆ ಕಾಣಲಿಲ್ಲ ಅಷ್ಟೇ.

ಬಿಲ್ಲುದಾರ:
ಎಲ್ಲಿ ಎಸೆಯಬೇಕು ಎಂಬುದಕ್ಕೂ ಒಂದು ಮಾತು. ಹೊಳೆ ಏರಿದಾಗ 30 ಮೀಟರ್ ಎಸೆಯುವ ಹಟವೇ ಬೇಡ. ನಡುಹೊಳೆಯ ರಭಸದಲ್ಲಿ ಮೀನೂ ನಿಲ್ಲುವುದಿಲ್ಲ. ವೇಗದ ನೀರು ಮತ್ತು ನಿಧಾನದ ನೀರು ಉಜ್ಜುವ ಗೆರೆ ಮೇಲಿನಿಂದಲೇ ಕಾಣುತ್ತದೆ, ಒಂದು ಕಡೆ ಸುಕ್ಕು, ಇನ್ನೊಂದು ಕಡೆ ನಯ. ಆ ಗೆರೆಯಿಂದ ಒಂದು ಮೀಟರ್ ಒಳಗೆ ಹಾಕಿ. ದೊಡ್ಡ ನೆರೆಯಲ್ಲಿ ಅದು ದಡದಿಂದ ಎರಡು ರಾಡ್ ದೂರದಲ್ಲೇ ಇರಬಹುದು, 60 ಗ್ರಾಂ ಸಾಕು. ಪೂರ್ತಿ ಸುಳಿ ತಿರುಗುವ ಮಡುವಿನಲ್ಲಿ ಮಾತ್ರ ಬೇಡ, ಅಲ್ಲಿ ಕಸ ಸುತ್ತುತ್ತದೆ.

ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಸರ್ಕಾರದ ನದಿಮಟ್ಟದ ಪುಟದಲ್ಲಿ ನೋಡಿ ಹೊರಡಿ. ಇಳಿಯುತ್ತಾ, ಬಣ್ಣ ತಿಳಿಯಾಗುತ್ತಾ, ತಾಪಮಾನ ಏರುತ್ತಾ ಇರುವ ದಿನಕ್ಕೆ ಸಮ ಇನ್ನೊಂದಿಲ್ಲ. ಹಿಮ ಕರಗಿದ ನೀರು ಬಂದ ದಿನ ಮನೆಯಲ್ಲಿರಿ.

ಉಬ್ಬರವಿಳಿತ:
ಕ್ರಾಮ್‌ವೆಲ್ ಒಡ್ಡಿನ ಕೆಳಗೆ ಹೋಗುವವರಿಗೆ ಎಚ್ಚರಿಕೆ. ಅಲ್ಲಿಂದ ಹಂಬರ್ ಅಳಿವೆಯವರೆಗೆ ಟ್ರೆಂಟ್ ಉಬ್ಬರವಿಳಿತದ ನದಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು. ಏರುವುದು ಬೇಗ, ಇಳಿಯುವುದು ನಿಧಾನ. ಹರಿವು ನಿಧಾನವಾಗಿ, ನಿಂತು, ಕೆಳಭಾಗಗಳಲ್ಲಿ ಹಿಮ್ಮುಖವಾಗಿಯೂ ಹರಿಯುತ್ತದೆ. ದೊಡ್ಡ ಉಬ್ಬರಗಳಲ್ಲಿ ಈಗಿರ್ ಎಂಬ ಅಲೆ ಗೇನ್ಸ್‌ಬರೋ ಕಡೆಗೆ ನದಿ ಏರಿ ಬರುತ್ತದೆ. ಕಲ್ಲು ಹಾಸಿದ ದಡದ ಕೆಳಮೆಟ್ಟಿಲಲ್ಲಿ ಪೆಟ್ಟಿಗೆ ಇಟ್ಟು ಕೂತರೆ ಪೆಟ್ಟಿಗೆ ಸಮುದ್ರಕ್ಕೆ. ತಾನಾಗಿ ಉಬ್ಬುವ ಲೈಫ್‌ಜಾಕೆಟ್ ತೊಡದೆ ಅಲ್ಲಿ ಒಬ್ಬರೇ ಕೂರಬೇಡಿ. ಕೈಯಲ್ಲಿ ಗಾಯವಿದ್ದರೆ ಮುಚ್ಚಿಕೊಳ್ಳಿ. ನಮ್ಮೂರಿನ ಇಲಿಜ್ವರ ಅಲ್ಲಿಯೂ ಇದೆ.

ಗಾಳದ ಲೆಕ್ಕಕ್ಕೆ: ಹರಿವು ಪೂರ್ತಿ ನಿಂತ ಹೊತ್ತಿನಲ್ಲಿ ಕಚ್ಚುವುದು ಕಡಿಮೆ. ನೀರು ಮತ್ತೆ ಕೆಳಗೆ ಹೊರಟ ಮೊದಲ ಒಂದು ಗಂಟೆಗೆ ಫೀಡರ್ ಸಿದ್ಧವಿರಲಿ. ತೂಕ ಮೂರು ಬಗೆಯದು ಜೊತೆಗಿರಬೇಕು, ದಿನವಿಡೀ ಒಂದೇ ತೂಕ ನಡೆಯುವುದಿಲ್ಲ.

ಹೊಳೆದಂಡೆ:
ಒಂದೇ ಜಾಗಕ್ಕೆ ಹತ್ತು ಸಲ ಬೀಳಲು ರೀಲಿನ ಕ್ಲಿಪ್ಪಿಗೆ ದಾರ ಸಿಕ್ಕಿಸಿದರೆ ಸಾಲದೇ?

ಬಿಲ್ಲುದಾರ:
ಎಸೆಯಲು ಸಿಕ್ಕಿಸಿ, ಬಿದ್ದ ತಕ್ಷಣ ಬಿಡಿಸಿ. ಬಿಡಿಸಲು ಮರೆತ ದಿನವೇ ಬಾರ್ಬೆಲ್ ಬರುತ್ತದೆ. ಕ್ಲಿಪ್ಪಿನಲ್ಲಿ ದಾರ ನಿಂತರೆ ಮೊದಲ ಓಟಕ್ಕೇ ದಾರ ಹರಿಯುತ್ತದೆ, ಇಲ್ಲವೇ ರಾಡ್ ನೀರಿಗೆ. ಬಿಲ್ಲು ಬಿಡಲೂ ಅದು ಅಡ್ಡಿ. ಎಸೆತದ ಅಳತೆಗೆ ಬಣ್ಣದ ಪವರ್‌ಗಮ್ (ಹಿಗ್ಗುವ ಎಳೆ) ಗಂಟು ಸಾಕು, ಅದು ರೀಲಿನ ಅಂಚಿಗೆ ಬಂದಾಗ ಬೆರಳಿಂದ ತಡೆಯಿರಿ. ಕೂತಾಗ ಬೈಟ್‌ರನ್ನರ್ (ಮೀನು ಎಳೆದರೆ ದಾರ ಬಿಡುವ ರೀಲಿನ ಸನ್ನೆ) ತೆರೆದಿಡಿ, ಬಿಗಿ ಎಷ್ಟೆಂದರೆ ಹರಿವಿಗೆ ದಾರ ಬಿಡಬಾರದು, ಮೀನಿಗೆ ಬಿಡಬೇಕು.

ಮೀಸೆಮೀನು:
ರಿಗ್ ಕಟ್ಟುವಾಗ ಇನ್ನೊಂದು. ಮುಖ್ಯ ದಾರಕ್ಕೆ ಅಗಲ ಕಣ್ಣಿನ ರನ್‌ರಿಂಗ್, ಅದಕ್ಕೆ ಕ್ಲಿಪ್ ಮೂಲಕ ಫೀಡರ್, ಕೆಳಗೆ ರಬ್ಬರ್ ಬಫರ್, ಸ್ವಿವೆಲ್, ಆಮೇಲೆ ಹುಕ್‌ಲೆಂತ್. ಮೇಲ್ಗಡೆ ದಾರಕ್ಕೆ ರನ್‌ರಿಂಗ್ ದಾಟಲಾಗದ ಯಾವ ಗಂಟೂ ಬೇಡ. ದಾರ ಮೇಲೆಲ್ಲೋ ಹರಿದರೆ ಫೀಡರ್ ಜಾರಿ ಹೋಗಬೇಕು, ಮೀನು 100 ಗ್ರಾಂ ಸೀಸ ಎಳೆದುಕೊಂಡು ಕಲ್ಲಿಗೆ ಸಿಕ್ಕಿ ಸಾಯಬಾರದು. ಚಬ್‌ಗೆ ಹೇಳಿದ ಗಿಡ್ಡ ರಿಗ್‌ನಲ್ಲೂ ಈ ನಿಯಮ ತಪ್ಪಬಾರದು. ಅಂದಹಾಗೆ ಇಂಗ್ಲೆಂಡಿನಲ್ಲಿ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ತೂಕಕ್ಕೆ ನಿಷೇಧ, ಹಂಸಗಳು ನುಂಗಿ ಸಾಯುತ್ತಿದ್ದವು. ಸಣ್ಣ ಫೀಡರ್ ಮನೆಯಲ್ಲೇ ತಯಾರಿಸುವವರು ಗಮನಿಸಿ.

ಧಾರವಾಡ್_ರಾಡ್:
ಸಿಕ್ಕ ಮೀನು ಮನೀಗೆ ಒಯ್ದು ಸಾರು ಮಾಡಬಹುದೇನು ಅಂತ ಯಾರರೆ ಕೇಳೇ ಕೇಳ್ತಾರ, ನಾನೇ ಕೇಳಿಬಿಡ್ತೀನಿ.

ಬಿಡುಗಡೆ:
ಇಲ್ಲ. 20 ಸೆಂ.ಮೀ.ಗಿಂತ ದೊಡ್ಡ ಬಾರ್ಬೆಲ್, ಚಬ್ ಎರಡನ್ನೂ ಇಂಗ್ಲೆಂಡಿನ ನದಿಗಳಲ್ಲಿ ವಾಪಸ್ ಬಿಡಲೇಬೇಕು. ಬಾರ್ಬೆಲ್ಲಿನ ಮೊಟ್ಟೆಯಂತೂ ವಿಷ, ತಿಂದರೆ ವಾಂತಿ ಭೇದಿಯಾಗಬಹುದು. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಯಲ್ಲಿ ಗಾಳವೇ ಇಲ್ಲ, ಜೂನ್ 16ಕ್ಕೆ ಶುರು. 13 ವರ್ಷ ತುಂಬಿದವರಿಗೆಲ್ಲ ರಾಡ್ ಪರವಾನಗಿ ಬೇಕು, ಅದರ ಮೇಲೆ ಆ ದಡದ ಕ್ಲಬ್ಬಿನ ಚೀಟಿ ಬೇರೆ.

ಬಿಡುವ ಕ್ರಮವನ್ನೂ ಹೇಳುತ್ತೇನೆ. ಬಾರ್ಬೆಲ್ ಪ್ರಾಣ ಹೋಗುವಷ್ಟು ಹೋರಾಡುವ ಮೀನು. ಬಲೆಗೆ ಬಂದ ಕೂಡಲೇ ಮೇಲೆತ್ತಬೇಡಿ, ಬಲೆಯೊಳಗೇ ನೀರಿನಲ್ಲಿ ಎರಡು ನಿಮಿಷ ಸುಧಾರಿಸಿಕೊಳ್ಳಲಿ. ಅಷ್ಟರಲ್ಲಿ ಚಾಪೆ ನೆನೆಸಿ, ಇಕ್ಕಳ, ತಕ್ಕಡಿ ಪಕ್ಕಕ್ಕಿಡಿ. ಬೆನ್ನಿನ ಮುಂದಿನ ಮುಳ್ಳು ಗರಗಸದಂತಿದೆ, ಬಲೆಯ ಕಣ್ಣಿಗೆ ಸಿಕ್ಕಿಕೊಂಡರೆ ಎಳೆಯಬೇಡಿ, ಹಿಂದಕ್ಕೆ ಜಾರಿಸಿ. ಇದೇ ಕಾರಣಕ್ಕೆ ಕೀಪ್‌ನೆಟ್ಟಿನಲ್ಲಿ (ಹಿಡಿದ ಮೀನನ್ನು ನೀರಲ್ಲೇ ಇಡುವ ಬಲೆ) ಬಾರ್ಬೆಲ್ ಹಾಕುವುದು ತಪ್ಪು. ಬಿಡುವಾಗ ತಲೆ ಮೇಲ್ಹರಿವಿಗೆ, ಹೊಟ್ಟೆಯಡಿ ಕೈ, ನೆಟ್ಟಗೆ. ಹಿಂದೆ ಮುಂದೆ ಆಡಿಸಬೇಡಿ, ಕಿವಿರಿಗೆ ನೀರು ಮುಂದಿನಿಂದಲೇ ಹೋಗಬೇಕು. ಬಾಲ ಬೀಸಿ ಕೈಯಿಂದ ತಾನೇ ತಪ್ಪಿಸಿಕೊಂಡು ಹೋಗುವವರೆಗೆ ಹಿಡಿದಿರಿ, ಹತ್ತು ನಿಮಿಷವಾದರೂ ಸರಿ. ಮೇಲ್ಮೈಯಲ್ಲಿ ಮಗುಚಿದ ಮೀನು ರಭಸದಲ್ಲಿ ಕೊಚ್ಚಿಹೋದರೆ ಮತ್ತೆ ಕೈಗೆ ಸಿಗುವುದಿಲ್ಲ. ನೀರು 20-21 ಡಿಗ್ರಿ ದಾಟಿ ತೆಳ್ಳಗೆ ಹರಿಯುವ ಜುಲೈ ವಾರಗಳಲ್ಲಿ ಗಾಳ ಮೂಲೆಗಿಡುವುದೇ ಒಳ್ಳೆಯದು.

ಚಬ್‌ಗೆ ಇಷ್ಟು ಉಪಚಾರ ಬೇಡ. ಮೊದಲ ಹತ್ತು ಸೆಕೆಂಡ್ ಅಬ್ಬರಿಸಿ, ದಡದ ಬೇರಿಗೆ ನುಗ್ಗಲು ನೋಡುತ್ತದೆ, ಅದನ್ನು ತಡೆದರೆ ಮುಗಿಯಿತು.

ಹೊಳೆದಂಡೆ:
ಸರಿ. ಸದ್ಯಕ್ಕೆ ರಾಡ್ ಅದೇ ಇರಲಿ. ಚಪ್ಪಟೆ ತಳದ ಸಣ್ಣ 85 ಗ್ರಾಂ ಗ್ರಿಪ್ಪರ್, 10 ಪೌಂಡ್ ದಾರ, 8 ಪೌಂಡಿನ 1 ಮೀಟರ್ ಹುಕ್‌ಲೆಂತ್, ಮೇಲ್ಹರಿವಿಗೆ ಓರೆ ಎಸೆದು 4 ಮೀಟರ್ ಬಿಲ್ಲು. ಎಲೆ ಬಂದರೆ?

ಮೂರೌನ್ಸ್:
ಎಲೆ ಬಂದರೆ ಒಳಗಿನ ಗೆರೆಗೆ ಬನ್ನಿ, 60 ಗ್ರಾಂ. ರಾಡ್ ಎತ್ತರಕ್ಕಿಡಿ ಎಂದದ್ದು ದೂರದ ಎಸೆತಕ್ಕೆ; ಇಲ್ಲಿ ಹತ್ತಿರದಲ್ಲಿ ತುದಿಯನ್ನು ನೀರಿನ ಮಟ್ಟಕ್ಕೆ ಇಳಿಸಿ. ದಾರ ತಳಕ್ಕೆ ಹತ್ತಿರವಾದರೆ ಮೇಲೆ ತೇಲುವ ಕಸ ಅದರ ಮೇಲೆಯೇ ಹಾದುಹೋಗುತ್ತದೆ.